ನೂರು ಆಳಿನ ಬಲ



ಪವಿತ್ರ ಬೈಬಲಿನ ಉಪದೇಶಕ ಗ್ರಂಥವನ್ನು ನಾವು ಗುರುಗಳು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ತೆರೆಯುತ್ತೇವೆ. ಲೋಕದ ಸಿರಿಯೆಲ್ಲ ವ್ಯರ್ಥವೆಂದು ಹೇಳಬೇಕಾದಾಗ ಒಮ್ಮೆ, ಪ್ರತಿಯೊಂದಕ್ಕೂ ಅದರದೇ ಸಮಯವುಂಟೆಂದು ಹೇಳಬೇಕಾದಾಗ ಇನ್ನೊಮ್ಮೆ. ಅದೇ ಗ್ರಂಥದ 10ನೆಯ ಅಧ್ಯಾಯದಲ್ಲಿ 9 ಮತ್ತು 10ನೆಯ ವಚನಗಳಿವೆ. ಅವುಗಳ ಮೇಲೆ ಯಾರೂ ಪ್ರಬೋಧನೆ ಮಾಡಿದ್ದನ್ನು ನಾವು ಕೇಳಿಲ್ಲ. ಅಲ್ಲಿ ಜ್ಞಾನಿಯು ಕಟ್ಟಿಗೆ ಸೀಳುವವನ ವಿಷಯ ಎತ್ತುತ್ತಾನೆ. ಆ ಕೆಲಸದಲ್ಲೇ ಅವನಿಗೆ ಅಪಾಯ ಕಾದಿದೆ ಎನ್ನುತ್ತಾನೆ. ಕೊಡಲಿ ಮೊಂಡಾದಷ್ಟೂ ತೋಳಿನ ಮೇಲೆ ಭಾರ ಹೆಚ್ಚುತ್ತದೆ, ಅಲ್ಲಿ ನೆರವಿಗೆ ಬರುವುದು ಬುದ್ಧಿ ಎಂಬ ಅರ್ಥ ಬರುವಂತೆ ಮಾತು ಮುಂದುವರಿಸುತ್ತಾನೆ. ಯೆರೂಸಲೇಮಿನ ಜ್ಞಾನಿಗೆ ಹಿತ್ತಲಿನ ಕೆಲಸವೂ ಗೊತ್ತಿತ್ತು ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ.

ಈ ತಿಂಗಳು ಆ ವಚನಗಳು ನೆನಪಾದದ್ದು ಮುರಗೂಡದಲ್ಲಿ ನಾವು ಕಂಡ ಒಂದು ಯಂತ್ರದಿಂದಾಗಿ.

ಮುರಗೂಡ ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲೂಕಿನಲ್ಲಿದೆ. ನಿಪ್ಪಾಣಿಯಿಂದ ರಾಧಾನಗರಿಯ ಕಡೆಗೆ ಹೋಗುವ ದಾರಿಯಲ್ಲಿ, ವೇದಗಂಗಾ ನದಿಯ ಬಯಲಲ್ಲಿ ಸಿಗುವ ಊರು. ಎತ್ತ ನೋಡಿದರೂ ಕಬ್ಬು. ಬಿದ್ರಿಯ ಸಕ್ಕರೆ ಕಾರ್ಖಾನೆ, ಹಮೀದವಾಡದ ಸಕ್ಕರೆ ಕಾರ್ಖಾನೆ ಎರಡೂ ಆ ಸೀಮೆಯವೇ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ನಿಪ್ಪಾಣಿ ಈ ಕಡೆ ಬಂತು, ಮುರಗೂಡ ಆ ಕಡೆ ಉಳಿಯಿತು, ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ಕೊಲ್ಹಾಪುರಕ್ಕೆ ಸೇರಿತು. ಆದರೆ ಮದುವೆ, ಸಂತೆ, ಕೂಲಿ ಇವು ಆ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೀಗೆ ಕೂಲಿಯ ಬೆನ್ನು ಹತ್ತಿ ಬೆಳಗಾವಿ ಸೀಮೆಯಿಂದ ಹೋಗಿ ಅಲ್ಲಿ ನೆಲೆನಿಂತ ಕನ್ನಡದ ಕ್ರೈಸ್ತ ಕುಟುಂಬವೊಂದಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಭಾನುವಾರದ ಬಲಿಪೂಜೆಗೆ ಗಡಿ ದಾಟಿ ಬರುತ್ತಾರೆ. ಅವರ ಹೆಸರು ಇಲ್ಲಿ ಬೇಡ. ತಂದೆಗೆ ಅರವತ್ತು ದಾಟಿದೆ. ಊರೆಲ್ಲ ಅವರನ್ನು ಕಾಕಾ ಎನ್ನುತ್ತದೆ, ನಾವೂ ಹಾಗೇ ಕರೆಯೋಣ. ನಲವತ್ತು ವರ್ಷ ಕಟ್ಟಿಗೆ ಒಡೆದೇ ಮನೆ ನಡೆಸಿದವರು. ಮಗ ಬೆಸುಗೆ ಕೆಲಸದವನು. ಅವನದೊಂದು ತಗಡಿನ ಶೆಡ್ಡಿನ ವೆಲ್ಡಿಂಗ್ ಅಂಗಡಿಯಿದೆ.

ಈ ಅಡುಗೆ ಅನಿಲದ ಕಾಲದಲ್ಲಿ ಕಟ್ಟಿಗೆ ಒಡೆಸುವವರು ಯಾರು ಎಂದು ಬೆಂಗಳೂರಿನ ಓದುಗರು ಕೇಳಬಹುದು. ಉಜ್ವಲಾ ಯೋಜನೆ 2016ರಲ್ಲಿ ಬಂದ ಮೇಲೆ ಹಳ್ಳಿಯ ಅಡುಗೆಮನೆಗಳಿಗೂ ಸಿಲಿಂಡರ್ ತಲುಪಿದ್ದು ನಿಜ. ಆದರೆ ಆ ಕಡೆಯ ಮನೆಗಳಲ್ಲಿ ಬಂಬ ಇನ್ನೂ ಇದೆ. ತಾಮ್ರದ ಹಂಡೆಯ ನಡುವೆ ಒಂದು ಕೊಳವೆ, ಕೊಳವೆಯಲ್ಲಿ ಬೆಂಕಿ, ಸುತ್ತಲೂ ಸ್ನಾನದ ನೀರು. ಆ ಕೊಳವೆಯ ಬಾಯಿ ಚಿಕ್ಕದು, ಅದಕ್ಕೆ ಮುಂಗೈ ಗಾತ್ರದ ಸೀಳು ಬೇಕು, ದಿಮ್ಮಿ ನಡೆಯದು. ಇನ್ನು ಮದುವೆ ಜಾತ್ರೆಗಳ ಅಡುಗೆ, ಹೋಟೆಲಿನ ಒಲೆ, ಬೇಕರಿಯ ಭಟ್ಟಿ ಇವೂ ಇವೆ. ಬೆಲ್ಲದ ಗಾಣಗಳಲ್ಲಿ ಮುಖ್ಯವಾಗಿ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಉರಿಸುತ್ತಾರೆ, ಅದು ಬೇರೆ ಮಾತು. ಹಾಗಾಗಿ ಕಾಕಾನ ಕೊಡಲಿಗೆ ಕೆಲಸ ತಪ್ಪಿರಲಿಲ್ಲ. ತಪ್ಪಿದ್ದು ಅವರ ಬಲಹೆಗಲು.

“ಅಪ್ಪಾಗ ಹೆಗಲ ಹೋಗೇತ್ರಿ ಫಾದರ್. ಕೊಡ್ಲಿ ಮುಟ್ಟಬ್ಯಾಡ ಅಂತ ಡಾಕ್ಟರು ಹೇಳ್ಯಾರ. ಅಂವ ಎಲ್ಲಿ ಕೇಳ್ತಾನ್ರಿ? ಅದಕ್ಕ ಇದನ್ನ ಮಾಡೀನಿ” ಎಂದು ಮಗ ಯಂತ್ರದ ಮೇಲಿನ ಗೋಣಿತಾಟು ಸರಿಸಿ ತೋರಿಸಿದ. ಅದನ್ನು ಆಶೀರ್ವದಿಸಿ ಕೊಡಬೇಕೆಂಬುದು ಅವನ ಕೋರಿಕೆಯಾಗಿತ್ತು. ನೆರೆಯವರೆಲ್ಲ ಖಂಡೇನವಮಿಗೆ ತಮ್ಮ ಹತಾರಗಳನ್ನು ಪೂಜಿಸುವ ಊರಿನಲ್ಲಿ ಇವನಿಗೂ ತನ್ನ ಯಂತ್ರಕ್ಕೊಂದು ಪ್ರಾರ್ಥನೆ ಬೇಕೆನಿಸಿದ್ದು ಸಹಜ. ಧರ್ಮಸಭೆಯ ಆಶೀರ್ವಾದಗಳ ಪುಸ್ತಕದಲ್ಲಿ ದುಡಿಮೆಯ ಉಪಕರಣಗಳಿಗೆಂದೇ ಒಂದು ವಿಧಿಯಿದೆ.

ಯಂತ್ರವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಓದುಗರಲ್ಲಿ ಬೆಸುಗೆಯವರು, ಗ್ಯಾರೇಜಿನವರು, ಐ.ಟಿ.ಐ. ಓದುವ ಮಕ್ಕಳು ಇದ್ದಾರೆ, ಅವರಿಗೆ ಇದು ಬೇಕಾಗುತ್ತದೆ.

ಮೊದಲು ಅವನು ಲಾರಿಯ ಜಾಕಿನಿಂದ ಪ್ರಯತ್ನಿಸಿದ್ದ. ಎರಡು ಕಬ್ಬಿಣದ ಚಾನೆಲ್‌ಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಒಂದು ಬೆಣೆ ಬೆಸೆದು, ಕೆಳಗೆ ಜಾಕ್ ಇಟ್ಟು, ನಡುವೆ ತುಂಡನ್ನು ಸಿಕ್ಕಿಸಿ ಹಿಡಿಕೆ ಒತ್ತುವುದು. ಕರೆಂಟು ಬೇಡ, ಖರ್ಚು ಕಡಿಮೆ. ಮಾವಿನ ತುಂಡಾದರೆ ನಾಲ್ಕು ಒತ್ತಿಗೆ ಪಟ್ಟನೆ ಬಾಯಿ ಬಿಡುತ್ತದೆ. ಆದರೆ ಇಂಥ ಜಾಕು ಏರುವುದೇ ಒಂದು ಗೇಣಿನಷ್ಟು. ಹುಣಸೆಯಂಥ ನಾರು ಹೆಣೆದುಕೊಂಡ ಮರ ಅಷ್ಟಕ್ಕೆ ಬಿಡುವುದಿಲ್ಲ. ಮಲಗಿಸಿ ಇಡೋಣವೆಂದರೆ ಒಳಗಿನ ಎಣ್ಣೆ ಒಂದು ಕಡೆ ಸರಿದು ಪಂಪು ಗಾಳಿ ಎಳೆಯುತ್ತದೆ, ಆಮೇಲೆ ಎಷ್ಟು ಒತ್ತಿದರೂ ಜಾಕು ಮಿಸುಕುವುದಿಲ್ಲ. ಮನೆಯ ಬಂಬಕ್ಕೆ ಮಾತ್ರ ಬೇಕೆನ್ನುವವರಿಗೆ ಈ ನಿಂತ ಜಾಕಿನ ಚೌಕಟ್ಟೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಹೊಟ್ಟೆಪಾಡಿಗೆ ಒಡೆಯುವವರಿಗೆ ಅದು ಸಾಲದು.

ಎರಡನೆಯದು ನಿಜವಾದ ಹೈಡ್ರಾಲಿಕ್ ಯಂತ್ರ. ಬೆನ್ನೆಲುಬಿಗೆ ಎಂಟು ಇಂಚಿನ ಐ ಬೀಮ್. ಒಂದು ತುದಿಯಲ್ಲಿ ದಪ್ಪ ತಗಡಿನ ಬೆಣೆ, ಅದರ ಅಂಚಿಗೆ ಲಾರಿಯ ಪಾಟಾ ಉಕ್ಕು. ಇನ್ನೊಂದು ತುದಿಯಲ್ಲಿ ಸಿಲಿಂಡರ್. ಸಿಲಿಂಡರಿನ ದಂಡ ಒಂದು ಹಲಗೆಯನ್ನು ತಳ್ಳುತ್ತದೆ, ಹಲಗೆ ತುಂಡನ್ನು ತಳ್ಳುತ್ತದೆ, ತುಂಡು ಬೆಣೆಗೆ ಹೋಗಿ ಸೀಳಿ ಎರಡೂ ಬದಿಗೆ ಬೀಳುತ್ತದೆ. ಸಿಲಿಂಡರನ್ನು ಅವನು ಗುಜರಿಯಿಂದ ತಂದದ್ದು, ಆ ಊರಿನ ಮಾತಿನಲ್ಲಿ ಭಂಗಾರ. ಕೊಲ್ಹಾಪುರವೆಂದರೆ ಎರಕದ ಕಾರ್ಖಾನೆಗಳ, ಲೇಥ್‌ಗಳ ಊರು. ಉದ್ಯಮನಗರ, ಶಿರೋಲಿ, ಗೋಕುಳ ಶಿರಗಾಂವಗಳಲ್ಲಿ ಕಬ್ಬಿಣಕ್ಕೆ ಕೊಡಲಾಗದ ರೂಪವಿಲ್ಲ, ಹಾಗಾಗಿ ಅಲ್ಲಿನ ಗುಜರಿಯೂ ಒಂದು ನಿಧಿಯೇ. ಟ್ರ್ಯಾಕ್ಟರ್ ಟ್ರಾಲಿ ಎತ್ತುವ ಸಿಲಿಂಡರ್ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅಂಥವು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ತಳ್ಳುವಂಥವು, ಟ್ರಾಲಿಯ ಭಾರಕ್ಕೆ ತಾವೇ ಕೆಳಗಿಳಿಯುತ್ತವೆ. ಇಲ್ಲಿ ಭಾರವಿಲ್ಲ, ಎಣ್ಣೆಯೇ ತಳ್ಳಬೇಕು, ಎಣ್ಣೆಯೇ ಹಿಂದಕ್ಕೆ ಎಳೆಯಬೇಕು. ಆದ್ದರಿಂದ ಮಣ್ಣು ಅಗೆಯುವ ಹಳೆಯ ಯಂತ್ರವೊಂದರ ಎರಡೂ ಕಡೆ ನಡೆಯುವ ಸಿಲಿಂಡರನ್ನೇ ಹುಡುಕಿ, ಸೀಲುಗಳನ್ನೆಲ್ಲ ಹೊಸದು ಹಾಕಿಸಿದ್ದ. ದಂಡದ ಹೊಳಪಿನ ಮೇಲೆ ಉಗುರಿಗೆ ತಾಕುವಷ್ಟು ಗೀರಿದ್ದರೂ ಅದನ್ನು ಕೊಳ್ಳಬಾರದು, ಹೊಸ ಸೀಲನ್ನು ಅದು ತಿಂದುಹಾಕುತ್ತದೆ.

ಈಗ ಲೆಕ್ಕ. ಸಿಲಿಂಡರಿನ ಒಳವ್ಯಾಸ 100 ಮಿಲಿಮೀಟರ್, ಅಂದರೆ 78.5 ಚದರ ಸೆಂಟಿಮೀಟರ್ ವಿಸ್ತೀರ್ಣ. ಪಂಪು ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋ ಒತ್ತಡ ಕೊಟ್ಟರೆ ಒಟ್ಟು ಬಲ ಸುಮಾರು 11,775 ಕಿಲೋ, ಹನ್ನೆರಡು ಟನ್ನಿಗೆ ಸ್ವಲ್ಪವೇ ಕಡಿಮೆ. ಮೋಟಾರು 5 ಅಶ್ವಶಕ್ತಿಯದು, ನಿಮಿಷಕ್ಕೆ 1440 ಸುತ್ತು. ಒಂದು ಸುತ್ತಿಗೆ 8 ಸಿಸಿ ಎಣ್ಣೆ ತಳ್ಳುವ ಗೇರ್ ಪಂಪು ಹಾಕಿದರೆ ನಿಮಿಷಕ್ಕೆ ಹನ್ನೊಂದೂವರೆ ಲೀಟರ್. ದಂಡ 60 ಸೆಂಟಿಮೀಟರ್ ಮುಂದೆ ಹೋಗಲು 4.7 ಲೀಟರ್ ಬೇಕು, ಅಂದರೆ ಸುಮಾರು 25 ಸೆಕೆಂಡು. ಹಿಂದೆ ಬರುವಾಗ ದಂಡದ ದಪ್ಪವೇ ಸುಮಾರು ಕಾಲು ಭಾಗ ಜಾಗ ಹಿಡಿದಿರುವುದರಿಂದ ಎಣ್ಣೆ ಕಡಿಮೆ ಸಾಕು, 18 ಸೆಕೆಂಡಿನಲ್ಲಿ ಬರುತ್ತದೆ. ದೊಡ್ಡ ಪಂಪು ಹಾಕಿದರೆ ಬೇಗ ಓಡೀತಲ್ಲ ಎಂದು ಹಲವರು ಯೋಚಿಸುತ್ತಾರೆ. 20 ಲೀಟರಿನ ಪಂಪನ್ನು ಇದೇ ಒತ್ತಡದಲ್ಲಿ ತಿರುಗಿಸಲು 5 ಅಶ್ವಶಕ್ತಿಗೆ ತ್ರಾಣವಿಲ್ಲ, ತುಂಡು ಬೆಣೆಗೆ ತಾಕಿದ ಕೂಡಲೇ ಮೋಟಾರು ಏದುಸಿರು ಬಿಟ್ಟು ನಿಲ್ಲುತ್ತದೆ. ಎಣ್ಣೆಯ ತೊಟ್ಟಿ ಪಂಪಿನ ಒಂದು ನಿಮಿಷದ ಹರಿವಿನ ಮೂರು ಪಟ್ಟು, 35 ಲೀಟರಿನದು ಇದ್ದರೆ ಎಣ್ಣೆ ತಣ್ಣಗಾಗಲು ಸಮಯ ಸಿಗುತ್ತದೆ. ಎಣ್ಣೆ 68ನೆಯ ನಂಬರಿನ ಹೈಡ್ರಾಲಿಕ್ ಆಯಿಲ್. ವಾಪಸು ಬರುವ ದಾರಿಯಲ್ಲಿ ಒಂದು ಫಿಲ್ಟರ್. ಬೆಸುಗೆಯ ಕಿಟ್ಟ ತೊಟ್ಟಿಯಲ್ಲಿ ಒಂದಿಷ್ಟು ಉಳಿದರೂ ಪಂಪಿನ ಆಯಸ್ಸು ಮುಗಿಯಿತು.

ಇಷ್ಟೆಲ್ಲದರ ಬೇರು ಒಬ್ಬ ಕ್ರೈಸ್ತ ವಿಶ್ವಾಸಿಯ ತಲೆಯಲ್ಲಿತ್ತು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ತೀರಿಕೊಂಡದ್ದು 1662ರಲ್ಲಿ, ಆಗ ಅವರಿಗೆ ಬರೀ 39 ವರ್ಷ. ಶಾಲೆಯ ಪುಸ್ತಕದಲ್ಲಿ ಪಾಸ್ಕಲನ ನಿಯಮ ಎಂದು ಓದಿ ಮರೆಯುತ್ತೇವಲ್ಲ, ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ ಎಂಬುದು, ಅದೇ ಇವರದು. ಅವರು ತೀರಿಕೊಂಡ ಮರುವರ್ಷ, 1663ರಲ್ಲಿ, ಅಚ್ಚಾದ ದ್ರವಗಳ ಸಮತೋಲನದ ಗ್ರಂಥದಲ್ಲಿ ಒಂದು ಚಿತ್ರವನ್ನು ಕಣ್ಣಿಗೆ ಕಟ್ಟುತ್ತಾರೆ. ನೀರು ತುಂಬಿದ ಪಾತ್ರೆಗೆ ಎರಡು ಬಾಯಿ, ಒಂದು ಇನ್ನೊಂದಕ್ಕಿಂತ ನೂರು ಪಟ್ಟು ದೊಡ್ಡದು. ಎರಡಕ್ಕೂ ಬಿಗಿಯಾದ ಬಿರಡೆ. ಚಿಕ್ಕ ಬಿರಡೆ ಒತ್ತುವ ಒಬ್ಬನೇ ಆಳು, ದೊಡ್ಡ ಬಿರಡೆ ಒತ್ತುವ ನೂರು ಆಳುಗಳಿಗೆ ಸಮನಾಗಿ ನಿಲ್ಲಬಲ್ಲ. ಇದರಲ್ಲಿ ಮಾಟವೇನಿಲ್ಲ. ದೊಡ್ಡದು ಒಂದು ಅಂಗುಲ ಸರಿಯಬೇಕಾದರೆ ಚಿಕ್ಕದು ನೂರು ಅಂಗುಲ ಸರಿಯಬೇಕು. ಬಲ ಗಳಿಸಿದಷ್ಟು ದೂರ ತೆರಬೇಕು. ದೇವರ ಸೃಷ್ಟಿಯಲ್ಲಿ ಪುಕ್ಕಟೆ ಏನೂ ಇಲ್ಲ.

ಪಾಸ್ಕಲರ ಕಾಲದಲ್ಲಿ ಆ ಯಂತ್ರ ಕೆಲಸಕ್ಕೆ ಬರಲಿಲ್ಲ, ಬಿರಡೆಯ ಅಂಚಿನಿಂದ ನೀರು ಚಿಮ್ಮುತ್ತಿತ್ತು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಒತ್ತಡ ಹೆಚ್ಚಿದಷ್ಟೂ ತಾನೇ ಬಿಗಿಯಾಗುವ ಚರ್ಮದ ಸೀಲನ್ನು ಅವನಿಗೆ ಮಾಡಿಕೊಟ್ಟವನು ಅವನ ಕಾರ್ಖಾನೆಯ ಕೆಲಸಗಾರ ಹೆನ್ರಿ ಮಾಡ್ಸ್ಲಿ ಎನ್ನುತ್ತಾರೆ. ಎರಡು ವರ್ಷದ ಮೇಲೆ ಆ ಕೆಲಸಗಾರ ಸಂಬಳ ಹೆಚ್ಚಿಸಿ ಎಂದು ಕೇಳಿದ. ಧಣಿ ಒಪ್ಪಲಿಲ್ಲ, ಮಾಡ್ಸ್ಲಿ ಹೊರಬಿದ್ದು ತನ್ನದೇ ಕಾರ್ಯಾಗಾರ ತೆರೆದ. ಯಂತ್ರದ ಚರಿತ್ರೆಯಲ್ಲಿ ಸಂಬಳದ ಜಗಳ ಮೊದಲ ಪುಟದಿಂದಲೇ ಇದೆ.

ಈ ನೂರು ಆಳುಗಳ ಲೆಕ್ಕವೇ ಮುರಗೂಡದಲ್ಲಿ ನಮ್ಮನ್ನು ಕಾಡಿದ್ದು. ಒಬ್ಬನೇ ಸಾಕಾದರೆ ಉಳಿದ ತೊಂಬತ್ತೊಂಬತ್ತು ಜನ ಎಲ್ಲಿಗೆ ಹೋಗಬೇಕು? ಕಾಕಾ ಅದನ್ನು ಪಾಸ್ಕಲನನ್ನು ಓದದೆಯೇ ಕೇಳಿದರು:

“ನಲವತ್ತ ವರ್ಷ ಕೊಡ್ಲಿ ಹಿಡದೀನ್ರಿ ಫಾದರ್. ನನ್ನ ಕೂಡ ಇಬ್ಬರು ದುಡೀತಾರ. ಈಗ ಇಂವ ಕಬ್ಬಣದ ಭೂತ ತಂದ ನಿಲ್ಲಿಸ್ಯಾನ. ನಾ ಕಟ್ಟಿ ಮ್ಯಾಲ ಕುಂತ ತಂಬಾಕ ತಿಕ್ಕೋತ ನೋಡ್ಲೇನ್ರಿ? ಆ ಇಬ್ಬರು ಏನ ತಿನ್ನಬೇಕು?”

ಮಗ ತಲೆ ತಗ್ಗಿಸಿದ. ಅವನು ತಂದೆಯ ಹೆಗಲನ್ನು ಉಳಿಸಹೊರಟವನು, ತಂದೆಗೆ ಅದು ತನ್ನ ಹೆಸರನ್ನೇ ಕಿತ್ತುಕೊಂಡಂತೆ ಕಂಡಿತ್ತು. ಇಬ್ಬರ ನಡುವೆ ಹದಿನೈದು ದಿನದಿಂದ ಮಾತಿರಲಿಲ್ಲ, ಊಟಕ್ಕೆ ತಾಯಿಯೇ ಎರಡು ಸಲ ಬಡಿಸುತ್ತಿದ್ದರು. ಆಶೀರ್ವಾದಕ್ಕೆ ಕರೆದದ್ದರ ಹಿಂದೆ ಆ ತಾಯಿಯ ಉಪಾಯವೂ ಇತ್ತೆಂದು ನಮಗೆ ಆಮೇಲೆ ತಿಳಿಯಿತು.

ಜಗದ್ಗುರು ಸಂತ ಎರಡನೆಯ ಜಾನ್ ಪೌಲರು ಯುದ್ಧದ ಕಾಲದಲ್ಲಿ ಕಲ್ಲಿನ ಗಣಿಯಲ್ಲೂ ರಾಸಾಯನಿಕ ಕಾರ್ಖಾನೆಯಲ್ಲೂ ಕೂಲಿ ಮಾಡಿದವರು. 1981ರ ಸೆಪ್ಟೆಂಬರ್ 14ರಂದು ಅವರು ಹೊರಡಿಸಿದ ‘ಲಾಬೊರೆಮ್ ಎಕ್ಸರ್ಸೆನ್ಸ್’ ಎಂಬ ವಿಶ್ವಪತ್ರದಲ್ಲಿ ಯಂತ್ರ ಮನುಷ್ಯನ ಮಿತ್ರ ಎಂದು ಒಪ್ಪುತ್ತಾರೆ. ಆದರೆ ಅದು ಮನುಷ್ಯನನ್ನು ಬದಿಗೆ ತಳ್ಳಿ, ಅವನ ಕೈಚಳಕದ ತೃಪ್ತಿಯನ್ನೂ ಹೊಣೆಯನ್ನೂ ಕಸಿದುಕೊಂಡರೆ ಬಹುಮಟ್ಟಿಗೆ ಶತ್ರುವೇ ಆಗಬಹುದೆಂದು ಎಚ್ಚರಿಸುತ್ತಾರೆ. ಸೆಮಿನರಿಯಲ್ಲಿ ಈ ಪತ್ರವನ್ನು ಪರೀಕ್ಷೆಗಾಗಿ ಓದಿದ್ದ ನಮಗೆ ಅದರ ಅರ್ಥವನ್ನು ತಿಳಿಸಿಕೊಟ್ಟದ್ದು ಆ ವೆಲ್ಡಿಂಗ್ ಶೆಡ್ಡು.

ಮಗ ಯಂತ್ರ ಚಾಲು ಮಾಡಿ ತೋರಿಸಿದ. ಮೊದಲ ಎರಡು ಜಾಲಿಯ ತುಂಡು ಸುಲಭವಾಗಿ ಸೀಳಿದವು. ಮೂರನೆಯದು ಹುಣಸೆಯ ಬೊಡ್ಡೆ, ಒಳಗೆ ಗಂಟು. ಬೆಣೆ ಅರ್ಧ ಹೊಕ್ಕು ನಿಂತಿತು. ಮೋಟಾರು ನರಳಿತು, ವಾಲ್ವು ಕಿರುಗುಟ್ಟಿತು, ಹನ್ನೆರಡು ಟನ್ ಬಲ ಗಂಟಿನ ಮುಂದೆ ಕೈಚೆಲ್ಲಿತು. ಮಗ ಪಾನಾ ಹಿಡಿದು ಒತ್ತಡದ ವಾಲ್ವನ್ನು ಇನ್ನಷ್ಟು ಬಿಗಿ ಮಾಡಹೋದ. ಆಗ ಕಾಕಾ ಎದ್ದು ಬಂದರು. “ತಡೀಲೇ” ಎಂದವರೇ ಹಲಗೆ ಹಿಂದೆ ಸರಿಸಲು ಹೇಳಿ, ಬೊಡ್ಡೆಯ ಮೇಲೆ ಅಂಗೈ ಆಡಿಸಿ, ತಿರುಳಿನಿಂದ ತೊಗಟೆಯ ಕಡೆಗೆ ಹೋದ ಕೂದಲೆಳೆಯಂಥ ಒಂದು ಬಿರುಕು ಹುಡುಕಿದರು. ಅದು ಬೆಣೆಗೆ ನೇರ ಬರುವಂತೆ, ಗಂಟು ಒಂದು ಬದಿಗೆ ಉಳಿಯುವಂತೆ ಬೊಡ್ಡೆಯನ್ನು ಹೊರಳಿಸಿ ಇಟ್ಟರು. ನಡುವಿನಿಂದ ಸೀಳುವ ಬದಲು ಅಂಚಿನಿಂದ ಒಂದೊಂದೇ ಸಿಬಿರು ತೆಗೆಸಿದರು. ಅದೇ ಯಂತ್ರ, ಅದೇ ಒತ್ತಡ. ಐದು ನಿಮಿಷದಲ್ಲಿ ಗಂಟು ಬಿಟ್ಟು ಮಿಕ್ಕದ್ದೆಲ್ಲ ಬಂಬಕ್ಕೆ ಹೋಗುವಷ್ಟಾಯಿತು. ನೀಲಗಿರಿಯನ್ನು ಹಸಿಯಿದ್ದಾಗಲೇ ಸೀಳಬೇಕು, ಒಣಗಿದರೆ ಅದು ಕಬ್ಬಿಣಕ್ಕೆ ಸವಾಲು ಹಾಕುತ್ತದೆ ಎಂದು ಅವರು ಹೇಳಿದ್ದನ್ನು ಮಗ ಮೊದಲ ಸಲ ಕೇಳಿಸಿಕೊಂಡ ಹಾಗೆ ಕಂಡಿತು. ಕೊಡಲಿ ಹಿಡಿದವನಿಗೆ ಪ್ರತಿ ಪೆಟ್ಟೂ ದುಬಾರಿ, ಅದಕ್ಕೇ ಅವನು ಮರವನ್ನು ಓದುತ್ತಾನೆ. ಲಿವರ್ ಎಳೆಯುವವನಿಗೆ ಆ ಅಗತ್ಯ ಬೀಳುವುದಿಲ್ಲ, ಯಂತ್ರ ನಿಂತಾಗಲೇ ಬೀಳುವುದು.

ಆದರೂ ಆ ದಿನ ನಾವು ಯಂತ್ರವನ್ನು ಆಶೀರ್ವದಿಸಲಿಲ್ಲ.

ಕಾರಣ ಲಿವರು. ಒಮ್ಮೆ ಮುಂದೆ ತಳ್ಳಿದರೆ ಅದು ಅಲ್ಲೇ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಕೈ ಬಿಟ್ಟರೂ ಹಲಗೆ ಬೆಣೆಯ ಕಡೆಗೆ ನಡೆದೇ ಇರುತ್ತಿತ್ತು. ಒಬ್ಬ ಲಿವರ್ ಎಳೆಯುವುದು, ಇನ್ನೊಬ್ಬ ತುಂಡು ಹಿಡಿಯುವುದು, ಹೀಗೆ ಮಾಡಿದರೆ ಕೆಲಸ ಎರಡು ಪಟ್ಟು ಬೇಗ ಎಂಬುದು ಮಗನ ಯೋಜನೆ. ಲೋಕದಲ್ಲಿ ಇಂಥ ಯಂತ್ರಗಳಿಗೆ ಬೆರಳು ಕೊಟ್ಟವರಲ್ಲಿ ಎಷ್ಟೋ ಜನ ಹೀಗೇ ಇಬ್ಬರಾಗಿ ಕೆಲಸ ಮಾಡಿದವರು. ಹಿಡಿದವನ ಕೈ ಇನ್ನೂ ಅಲ್ಲೇ ಇರುವಾಗ ಎಳೆದವನ ಕಣ್ಣು ಬೇರೆಡೆ ಇರುತ್ತದೆ. ಕಬ್ಬಿನ ಸೀಮೆಯಲ್ಲಿ ಗಾಣಕ್ಕೂ ಮೇವು ಕತ್ತರಿಸುವ ಯಂತ್ರಕ್ಕೂ ಬೆರಳು, ಮುಂಗೈ ಕಳೆದುಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಖ್ಯೆ ಹೆಚ್ಚಿದ್ದರಿಂದಲೇ ನಮ್ಮ ದೇಶ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ತಂದದ್ದು. ಮನೆಯಲ್ಲೇ ಬೆಸೆದ ಯಂತ್ರವನ್ನು ನೋಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನವನ್ನು ನಾವು ಅಲ್ಲಿಯೇ ಓದಿ ಹೇಳಿದೆವು. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿ ಗೋಡೆ ಹಾಕಬೇಕು, ಯಾರಾದರೂ ಬಿದ್ದರೆ ಆ ರಕ್ತದ ಹೊಣೆ ಮನೆಯವರ ಮೇಲೆ ಬರುತ್ತದೆ ಎಂಬ ವಿಧಿ ಅದು. ಕಟ್ಟುವ ಮೊದಲೇ ಬೀಳುವವನನ್ನು ನೆನೆಯುವ ಕಾನೂನು. ಅದೇ ಗ್ರಂಥದ 19ನೆಯ ಅಧ್ಯಾಯದಲ್ಲಿ ಕಾಡಿನಲ್ಲಿ ಮರ ಕಡಿಯುವಾಗ ಕೊಡಲಿಯ ತಲೆ ಕಳಚಿ ಜೊತೆಯವನು ಸತ್ತರೆ ಏನು ಮಾಡಬೇಕೆಂಬುದೂ ಇದೆ. ಕೊಂದವನಿಗೆ ಆಶ್ರಯದ ನಗರವೇನೋ ಸಿಕ್ಕೀತು, ಸತ್ತ ಗೆಳೆಯ ಮರಳಿ ಬರುವುದಿಲ್ಲ. ಆಶೀರ್ವಾದದ ನೀರು ಚಿಮುಕಿಸಿದ ಮಾತ್ರಕ್ಕೆ ಕಬ್ಬಿಣ ಕರುಣೆ ಕಲಿಯುವುದಿಲ್ಲವಾದ್ದರಿಂದ, ಮೊದಲು ಕೈಪಿಡಿ ಗೋಡೆ, ಆಮೇಲೆ ಪ್ರಾರ್ಥನೆ ಎಂದೆವು. ಮಗನಿಗೆ ಸ್ವಲ್ಪ ಬೇಸರವಾಯಿತು. ಕಾಕಾನ ಮುಖದಲ್ಲಿ ಮಾತ್ರ ನಗೆ ಕಂಡಿತು.

ಒಂದು ತಿಂಗಳು ಕಳೆದು ಮತ್ತೆ ಹೋದಾಗ ಅವನು ಮಾಡಿದ್ದು ಹೀಗೆ. ಲಿವರಿನ ವಾಲ್ವು ಬದಲಾಗಿತ್ತು. ಹೊಸದರಲ್ಲಿ ಸ್ಪ್ರಿಂಗ್ ಇದೆ, ಕೈ ಬಿಟ್ಟ ಕ್ಷಣ ಲಿವರು ನಡುವಿಗೆ ಮರಳಿ ಹಲಗೆ ನಿಂತುಬಿಡುತ್ತದೆ. ಎಣ್ಣೆ ಗಾಳಿಯ ಹಾಗೆ ಕುಗ್ಗಿ ಹಿಗ್ಗುವುದಿಲ್ಲ, ಆದ್ದರಿಂದ ನಿಂತಿತೆಂದರೆ ನಿಂತಿತು. ಬಲಗೈಗೆ ಲಿವರ್, ಎಡಗೈಗೆ ಅದರ ಪಕ್ಕದಲ್ಲಿ ಇನ್ನೊಂದು ಗುಂಡಿ, ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಯಂತ್ರ ಮುಂದೆ ನಡೆಯುತ್ತದೆ. ಎರಡೂ ಕೈ ಅಲ್ಲಿದ್ದ ಮೇಲೆ ಬೆಣೆಯ ಹತ್ತಿರ ಹೋಗಲು ಮೂರನೆಯ ಕೈ ಇಲ್ಲ. ತುಂಡು ತಾನೇ ಕೂರಲು ಬೀಮಿನ ಎರಡೂ ಬದಿಗೆ ತೊಟ್ಟಿಲಿನಂಥ ಪಟ್ಟಿ ಬೆಸೆದಿದ್ದ. ಹಲಗೆ ಬೆಣೆಗೆ ಒಂದು ಅಂಗುಲ ಮೊದಲೇ ನಿಲ್ಲುವಂತೆ ತಡೆ ಇಟ್ಟಿದ್ದ. ಒತ್ತಡದ ವಾಲ್ವನ್ನು 150ಕ್ಕೆ ಹೊಂದಿಸಿ, ಅದರ ತಿರುಪಿನ ಮೇಲೆ ಒಂದು ಮುಚ್ಚಳ ಬೆಸೆದುಬಿಟ್ಟಿದ್ದ. ಇನ್ನು ಮೇಲೆ ತಾನೇ ಬೇಕೆಂದರೂ ಪಾನಾ ಹಾಕಲಾರ. ಯಂತ್ರದ ಬಳಿ ನಿಲ್ಲುವುದು ಒಬ್ಬರೇ.

ಇನ್ನೊಂದು ಅಪಾಯವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಗ್ಯಾರೇಜುಗಳಲ್ಲೂ ಇದನ್ನು ತಿಳಿದವರು ಕಡಿಮೆ. ಒತ್ತಡದ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಚಿಮ್ಮುತ್ತದೆ. ಎಲ್ಲಿ ಸೋರುತ್ತಿದೆ ಎಂದು ಬೆರಳಿನಿಂದ ತಡಕಿದರೆ ಆ ಎಳೆ ಚರ್ಮವನ್ನು ಚುಚ್ಚಿ ಒಳಗೆ ಹೋಗುತ್ತದೆ. ಹೊರಗೆ ಒಂದು ಚುಕ್ಕೆ, ನೋವೂ ಅಷ್ಟಾಗಿ ಇರುವುದಿಲ್ಲ. ಅರಿಸಿನ ಹಚ್ಚಿ ಮಲಗಿದರೆ ಕೆಲವು ಗಂಟೆಗಳಲ್ಲಿ ಒಳಗಿನ ಮಾಂಸ ಕೊಳೆಯತೊಡಗುತ್ತದೆ, ಬೆರಳನ್ನೋ ಕೈಯನ್ನೋ ತೆಗೆಯಬೇಕಾದ ಸ್ಥಿತಿ ಬರಬಹುದು. ಸೋರುವ ಜಾಗ ಹುಡುಕಲು ರಟ್ಟಿನ ತುಂಡು ಹಿಡಿಯಬೇಕು, ಅದೂ ದೂರದಿಂದ. ಮೋಟಾರು ನಿಲ್ಲಿಸಿ, ಲಿವರನ್ನು ಎರಡೂ ಕಡೆ ಆಡಿಸಿ ಒತ್ತಡ ಇಳಿಸದೆ ಯಾವ ಜೋಡಣೆಯನ್ನೂ ಬಿಚ್ಚಬಾರದು. ಯಾರಿಗಾದರೂ ಹೀಗೆ ಚುಚ್ಚಿದರೆ ಚುಕ್ಕೆ ಎಷ್ಟೇ ಸಣ್ಣದಿರಲಿ, ಅದೇ ಗಳಿಗೆಯಲ್ಲಿ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ದೊಡ್ಡ ಆಸ್ಪತ್ರೆಗೆ ಓಡಬೇಕು, ಹೈಡ್ರಾಲಿಕ್ ಎಣ್ಣೆ ಒಳಹೊಕ್ಕಿದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಈ ಒಂದು ಪರಿಚ್ಛೇದವನ್ನು ಕತ್ತರಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಿದರೂ ನಮಗೆ ಸಂತೋಷವೇ.

ಸೀಳಿದ ಕಟ್ಟಿಗೆಯನ್ನು ಹೊಗೆಯ ಲೆಕ್ಕದಲ್ಲೂ ನೋಡಬೇಕು. ಇಡೀ ತುಂಡಿನ ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತದೆ, ಸೀಳಿದರೆ ಬೇಗ ಒಣಗುತ್ತದೆ. ಹಸಿ ಕಟ್ಟಿಗೆಯ ಶಾಖದಲ್ಲಿ ಒಂದು ಪಾಲು ತನ್ನ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಮಿಕ್ಕದ್ದು ಹೊಗೆಯಾಗಿ ತಾಯಂದಿರ ಕಣ್ಣಿಗೂ ಎದೆಗೂ ಇಳಿಯುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸಿಲಿಂಡರ್ ಇರುವವರು ಅಡುಗೆಗೆ ಅದನ್ನೇ ಬಳಸಲಿ. ಬಂಬ ಹಚ್ಚುವವರು ಮಳೆಗಾಲಕ್ಕೆ ಮೊದಲೇ ಸೀಳಿ, ಸೂರಿನಡಿ ಗಾಳಿಯಾಡುವಂತೆ ಒಟ್ಟಿಡಲಿ.

ಆ ಇಬ್ಬರು ಕೂಲಿಗಳ ವಿಷಯ ಹೇಳದೆ ಮುಗಿಸಲಾಗದು. ಕಾಕಾ ಯಂತ್ರಕ್ಕೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಯಂತ್ರ ದುಡಿದದ್ದರಲ್ಲಿ ಅವರಿಬ್ಬರ ದಿನಗೂಲಿ ಮೊದಲು ತೆಗೆದಿಡಬೇಕು, ಕರೆಂಟು ಬಿಲ್ಲು, ಎಣ್ಣೆ, ಮನೆಯ ಪಾಲು ಎಲ್ಲ ಆಮೇಲೆ. ಗಾಳಿಗೆ ಬಿದ್ದ ಮರ, ಸವರಿದ ಕೊಂಬೆ, ರಸ್ತೆ ಅಗಲಿಸುವಾಗ ತೆಗೆದ ಬೊಡ್ಡೆ ಇವನ್ನಷ್ಟೇ ಒಡೆಯಬೇಕು, ಯಂತ್ರಕ್ಕೆ ಹೊಟ್ಟೆ ತುಂಬಿಸಲೆಂದು ನಿಂತ ಮರ ಕಡಿಯಕೂಡದು ಎಂಬುದು ಎರಡನೆಯದು. ಇಬ್ಬರಲ್ಲಿ ಒಬ್ಬಾತ ಈಗ ತುಂಡು ಹೊರಳಿಸಿ ಕೊಡುವ, ಸೀಳು ಒಟ್ಟುವ ಕೆಲಸಕ್ಕೆ ನಿಂತಿದ್ದಾನೆ. ಇನ್ನೊಬ್ಬ ಆರು ವಾರದ ಮೇಲೆ ಕಬ್ಬು ಕಡಿಯುವ ಗ್ಯಾಂಗಿಗೆ ಸೇರಿ ಹೋದ. ನಿಂತು ನೋಡುವುದಕ್ಕೆ ಕೂಲಿ ತಗೊಳ್ಳೋದು ನನಗೆ ಸರಿ ಬರುವುದಿಲ್ಲ ಎಂದನಂತೆ. ಅವನನ್ನು ತಡೆಯುವ ಮಾತು ಕಾಕಾನಿಗೂ ತೋಚಲಿಲ್ಲ, ನಮಗೂ ತೋಚಿಲ್ಲ. ಪಾಸ್ಕಲನ ಪಾತ್ರೆಯ ಲೆಕ್ಕದಲ್ಲಿ ಅವನು ಎಲ್ಲಿ ಬರುತ್ತಾನೆಂದು ಆಗಾಗ ಯೋಚಿಸುತ್ತೇವೆ.

ಪಾಸ್ಕಲರ ಬಗ್ಗೆ ಇನ್ನೊಂದು ಮಾತು. 1654ರ ನವೆಂಬರ್ 23ರ ರಾತ್ರಿ ಅವರಿಗಾದ ದೈವಾನುಭವವನ್ನು ಬರೆದಿಟ್ಟ ಹಾಳೆ, ಅವರು ಸತ್ತ ಮೇಲೆ ಅಂಗಿಯ ಒಳಪದರದಲ್ಲಿ ಹೊಲಿದದ್ದು ಸಿಕ್ಕಿತೆಂಬ ಕತೆ ನಿಮಗೆ ಗೊತ್ತಿರಬಹುದು. ಅವರ ಕೊನೆಯ ದಿನಗಳ ಸಂಗತಿ ಅಷ್ಟು ಪರಿಚಿತವಲ್ಲ. ಅವರು ತಮ್ಮ ಮನೆಯಲ್ಲಿ ಒಂದು ಬಡ ಕುಟುಂಬವನ್ನು ಇರಿಸಿಕೊಂಡಿದ್ದರು. ಆ ಮನೆಯ ಮಗುವಿಗೆ ಸಿಡುಬು ಬಂತು. ಪಾಸ್ಕಲರ ಅಕ್ಕ ತಮ್ಮನ ಆರೈಕೆಗೆ ದಿನಾ ಬರುತ್ತಿದ್ದವರು, ಅವರಿಗೆ ಚಿಕ್ಕ ಮಕ್ಕಳು. ಸೋಂಕಿನ ಭಯದಿಂದ ಯಾರಾದರೂ ಮನೆ ಬಿಡಲೇಬೇಕಾಯಿತು. ಕಾಯಿಲೆಯ ಮಗುವನ್ನು ಹೊರಗೆ ಹಾಕುವುದು ಬೇಡವೆಂದು, ತಾವೇ ಸಾಯುವ ಸ್ಥಿತಿಯಲ್ಲಿದ್ದ ಪಾಸ್ಕಲರು ತಮ್ಮ ಮನೆ ಬಿಟ್ಟು ಅಕ್ಕನ ಮನೆಗೆ ಹೋದರು. ಅಲ್ಲೇ ಪ್ರಾಣ ಬಿಟ್ಟರು. 2023ರಲ್ಲಿ ಅವರು ಹುಟ್ಟಿ ನಾನೂರು ವರ್ಷವಾದಾಗ ಜಗದ್ಗುರು ಫ್ರಾನ್ಸಿಸರು ಅವರ ಸ್ಮರಣೆಗೆಂದೇ ಒಂದು ಪ್ರೇಷಿತ ಪತ್ರ ಬರೆದರು.

ಆ ಎರಡನೆಯ ಭೇಟಿಯಲ್ಲಿ ಆಶೀರ್ವಾದದ ವಿಧಿ ನಡೆಯಿತು. ಮಗ ಯಂತ್ರದ ಪಕ್ಕದಲ್ಲೂ ತಂದೆ ತಮ್ಮ ಹಳೆಯ ಕೊಡಲಿಯ ಪಕ್ಕದಲ್ಲೂ ನಿಂತಿದ್ದರು, ಎರಡಕ್ಕೂ ತೀರ್ಥ ಚಿಮುಕಿಸಿದೆವು. ತಾಯಿ ಎಲ್ಲರಿಗೂ ಒಂದೇ ಸಲ ಚಹಾ ಕೊಟ್ಟರು. ಯಂತ್ರದ ಸುತ್ತ ಕಾಕಾ ಸುಣ್ಣದಿಂದ ಆರಡಿಯ ಗೆರೆ ಎಳೆದಿದ್ದಾರೆ, ಮೊಮ್ಮಕ್ಕಳು ಅದನ್ನು ದಾಟಕೂಡದು. ಮಳೆಗೂ ಓಡಾಟಕ್ಕೂ ಅದು ಅಳಿಸಿಹೋಗುತ್ತದೆ. ಪ್ರತಿ ಭಾನುವಾರ ಬಲಿಪೂಜೆಯಿಂದ ಮರಳಿದ ಮೇಲೆ, ಬಟ್ಟೆ ಬದಲಿಸುವ ಮೊದಲೇ, ಹೊಸದಾಗಿ ಎಳೆಯುತ್ತಾರಂತೆ.